ಎರಡು ಸಲ ಮುಚ್ಚಿದ ಕಿಟಕಿ

ದೆವ್ವ, ಆತ್ಮ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಜರ್ಮನಿಯ ಹ್ಯಾನೋವರಿನಲ್ಲಿ ಕಾರಿನ ಬಾಗಿಲುಗಳ ಲಾಕ್ ವಿನ್ಯಾಸ ಮಾಡುವುದು ನನ್ನ ಹೊಟ್ಟೆಪಾಡು. ಮುಚ್ಚಿದ್ದು ತಾನಾಗಿ ತೆರೆಯುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನನ್ನ ಸಂಬಳ ನಿಂತಿದೆ. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನನ್ನ ಹೆಂಡತಿ ಸುಧಾ ಧಾರವಾಡದವಳು. ಇಲ್ಲಿ ಕೆಲಸ ಸಿಗದೆ, ಹೊತ್ತು ಹೋಗದೆ, ನೂರೈವತ್ತು ವರ್ಷ ಹಿಂದಿನ ಒಬ್ಬ ಅಮೆರಿಕನ್ ಡಾಕ್ಟರನ ಡೈರಿಯನ್ನು ಕನ್ನಡಕ್ಕೆ ತರಲು ಕೂತಿದ್ದಳು. ಆತ ತರುಣನಾಗಿದ್ದಾಗ ವೈದ್ಯಕೀಯ ಕಲಿಯಲು ಜರ್ಮನಿಗೆ ಬಂದವನು. ಆಮೇಲೆ ತನ್ನ ಊರಿಗೆ ಮರಳಿ ನಲವತ್ತು ವರ್ಷ ಕುದುರೆ ಗಾಡಿಯಲ್ಲಿ ಹಳ್ಳಿಹಳ್ಳಿ ಸುತ್ತಿದವನು. ಊಟಕ್ಕೆ ಕೂತಾಗಲೂ ಅವನದೇ ಸುದ್ದಿ. "ರೀ, ಊರ ಮಂದೀನೆಲ್ಲಾ ಉಳಿಸಿದಾ, ತನ್ನ ಮಗಳನ್ನ ಉಳಿಸ್ಕೊಳ್ಳಾಕ ಆಗಲಿಲ್ಲ ನೋಡ್ರಿ," ಎಂದು ಒಂದು ದಿನ ಕಣ್ಣೊರೆಸಿಕೊಂಡಳು. "ಎಂದೋ ಸತ್ತವರ ಸಲುವಾಗಿ ಅಳಬ್ಯಾಡ, ಸಾರು ಆರತೈತಿ," ಎಂದೆ ನಾನು. ಆ ಮಾತು ನೆನೆದರೆ ಈಗ ನಾಲಗೆ ಕಚ್ಚಿಕೊಳ್ಳುವಂತಾಗುತ್ತದೆ.

ಆರು ವರ್ಷದ ಹಿಂದೆ, ಜನವರಿಯಲ್ಲಿ, ಸುಧಾ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಾನು ಕೆಲಸದಿಂದ ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೋಣೆಯ ಕಿಟಕಿ ಪೂರ್ತಿ ತೆರೆದಿತ್ತು, ಹಿಮದ ಗಾಳಿ ನೇರ ಅವಳ ಮುಖಕ್ಕೆ ಬಡಿಯುತ್ತಿತ್ತು. ಅವಳಿಗೆ ಚಳಿ ಅಂದರೆ ಆಗದು. ನಾನು ಮಾಡಿದ ಮೊದಲ ಕೆಲಸ ಅದನ್ನು ಮುಚ್ಚಿದ್ದು. ಅಲ್ಲಿದ್ದ ವಯಸ್ಸಾದ ನರ್ಸ್ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು.

ಮೂರು ತಿಂಗಳು ಅವಳ ಕಾಗದಗಳನ್ನು ನಾನು ಮುಟ್ಟಲಿಲ್ಲ. ಏಪ್ರಿಲಿನ ಒಂದು ಭಾನುವಾರ ಮಧ್ಯಾಹ್ನ ಅವಳ ಮೇಜಿಗೆ ಕೂತು ಕೊನೆಯ ಹಾಳೆಗಳನ್ನು ಓದಿದೆ. ಯಾರಾದರೂ ಸತ್ತರೆ ಜೀವ ಹೊರಗೆ ಹೋಗಲಿ ಎಂದು ಇಲ್ಲಿನ ದಾದಿಯರು ಕಿಟಕಿ ತೆರೆಯುತ್ತಿದ್ದರಂತೆ. ವಿದ್ಯಾರ್ಥಿಯಾಗಿದ್ದಾಗ ಡಾಕ್ಟರ್ ಅದನ್ನು ಕಂಡು ನಕ್ಕಿದ್ದನಂತೆ; ಊರಿಗೆ ಹೋದಮೇಲೆ ಮಾತ್ರ ಪ್ರತಿ ಸಾವಿನ ಮನೆಯಲ್ಲೂ ತಾನೇ ಎದ್ದು ತೆರೆಯುತ್ತಿದ್ದ. ಮಗಳು ಹೋದ ದಿನ ಮಾತ್ರ ತೆರೆದಿಡಲು ಅವನ ಕೈಲಿ ಆಗಲಿಲ್ಲ. "ಹೊರಗೆ ಹಿಮ ಬೀಳುತ್ತಿತ್ತು. ಮಗುವಿಗೆ ಚಳಿಯಾಗುತ್ತದೆಂದು ಮುಚ್ಚಿಬಿಟ್ಟೆ" ಎಂದು ಸುಧಾಳ ದುಂಡು ಅಕ್ಷರದಲ್ಲಿತ್ತು. ಮುಂದೆ ಅವಳು ಬರೆದಿರಲಿಲ್ಲ.

ನರ್ಸ್ ಏನು ಹೇಳಹೊರಟಿದ್ದಳೆಂದು ಆಗ ತಿಳಿಯಿತು. ಮೇಜಿಗೆ ತಲೆಯಿಟ್ಟು ಅತ್ತೆ. ಅಳುತ್ತಿದ್ದ ಹಾಗೇ ಕತ್ತಿಗೆ ತಣ್ಣನೆಯ ಗಾಳಿ ತಾಕಿತು. ಎದ್ದು ಹೋಗಿ ನೋಡಿದರೆ ನಮ್ಮ ಮಲಗುವ ಕೋಣೆಯ ಕಿಟಕಿ ಪೂರ್ತಿ ತೆರೆದಿತ್ತು. ಬೆಳಿಗ್ಗೆ ನಾನೇ ಮುಚ್ಚಿ, ಹಿಡಿಯನ್ನು ಕೆಳಗೆ ತಿರುಗಿಸಿ ಭದ್ರ ಮಾಡಿದ್ದೆ. ಮನೆ ಮೂರನೇ ಮಹಡಿಯಲ್ಲಿದೆ. ಒಳಗೆ ಇನ್ನೊಂದು ನರಪಿಳ್ಳೆಯೂ ಇರಲಿಲ್ಲ. ಆಮೇಲೆ ಆ ಹಿಡಿಯನ್ನು ಬಿಚ್ಚಿಯೂ ನೋಡಿದ್ದೇನೆ, ಇದೇ ಕೆಲಸ ಬಲ್ಲ ಗೆಳೆಯರಿಗೂ ತೋರಿಸಿದ್ದೇನೆ. ಯಾವ ದೋಷವೂ ಸಿಗಲಿಲ್ಲ.

ಯಾರು ತೆರೆದರೋ ನನಗೆ ಇಂದಿಗೂ ಗೊತ್ತಿಲ್ಲ. ಅದನ್ನು ಹಾಗೇ ಬಿಡಬೇಕೆಂಬುದು ಮಾತ್ರ ಆ ಕ್ಷಣವೇ ಗೊತ್ತಿತ್ತು. ಆದರೂ ಹಿಡಿಯ ಮೇಲೆ ಕೈಯಿಟ್ಟೆ. "ಹೊರಗ ಭಾಳ ಚಳಿ ಐತಿ, ಸುಧಾ," ಅಂದೆ.

ಮತ್ತೆ ಮುಚ್ಚಿಬಿಟ್ಟೆ.