ಕಲ್ಲುಕೋಟೆಯ ದಾರಿಯ ಗೇಟು

ಐರ್ಲೆಂಡಿನ ಲೆಟರ್‌ಕೆನ್ನಿ ಪಟ್ಟಣದಿಂದ ಒಂದು ಗಂಟೆ ದೂರದ ಈ ಗುಡ್ಡದ ಮೇಲೆ ಹಳೆಯ ಕಲ್ಲುಕೋಟೆಯೊಂದರ ಅವಶೇಷವಿದೆ. ಪೆರುವಿಗೆ ಹೋಗಿ ಇಂಕಾ ಜನರ ಕಲ್ಲುಗೋಡೆಗಳನ್ನು ನೋಡಬೇಕೆಂಬುದು ನನ್ನ ಗಂಡನ ಆಸೆಯಾಗಿತ್ತು. ಅವರು ತೀರಿಹೋಗಿ ಐದು ತಿಂಗಳಾಯಿತು. ಅಷ್ಟು ದೂರ ಹೋಗುವ ಶಕ್ತಿಯಿಲ್ಲದೆ ನಾನೊಬ್ಬಳೇ ಇಲ್ಲಿಗೆ ಬಂದೆ. ಮಗಳು ಹೆದರುತ್ತಾಳೆಂದು ಮನೆಯಲ್ಲಿ ಒಮ್ಮೆಯೂ ಜೋರಾಗಿ ಅತ್ತಿಲ್ಲ.

ಅರ್ಧ ದಾರಿಗೇ ಕಾಲು ಸೋತು ಒಂದು ಗೇಟಿಗೆ ಒರಗಿ ನಿಂತೆ. ಆ ಜಮೀನಿನ ಒಡೆಯರಾದ ಮುದುಕರೊಬ್ಬರು ಬಂದು ಗೇಟಿಗೆ ಕಟ್ಟಿದ್ದ ಹಗ್ಗ ಬಿಚ್ಚತೊಡಗಿದರು. ಗಂಟು ಬಿಡಲಿಲ್ಲ.

"ಒಬ್ರೇನಾ?"

"ಹೌದು. ಗಂಡ ಬರಬೇಕಿತ್ತು, ತೀರ್ಕೊಂಡ್ರು."

"ನಿಮ್ಮ ತೊಂದರೆಗೆ ಸಾರಿ," ಎಂದು ಕೈ ಚಾಚಿದರು.

ಗಂಟಿನ ವಿಷಯವೆಂದುಕೊಂಡು, ಕೈ ಕುಲುಕುತ್ತ, "ಪರವಾಗಿಲ್ಲ, ಗ್ರ್ಯಾಂಡ್, ಹತ್ತಿ ದಾಟ್ತೀನಿ," ಎಂದು ಇಲ್ಲಿಯವರ ಮಾತಿನಲ್ಲೇ ಹೇಳಿದೆ.

"ಅಯ್ಯೋ, ಗೇಟಿಗಲ್ಲಮ್ಮ! ಯಾರಾದ್ರೂ ಸತ್ರೆ ನಮ್ಮ ಕಡೆ ಹೇಳೋದೇ ಹಾಗೆ."

ಇಬ್ಬರೂ ನಕ್ಕೆವು. ಹಿಡಿದ ಕೈಯನ್ನು ಅವರು ಬಿಡಲಿಲ್ಲ.

"ಮೇಲೆ ಯಾರೂ ಇಲ್ಲ. ಎಷ್ಟು ಬೇಕಾದ್ರೂ ಅತ್ಕೊಳ್ಳಿ. ನನ್ನ ಕುರಿಗಳು ಊರೆಲ್ಲ ಹೇಳ್ಕೊಂಡು ತಿರುಗಲ್ಲ."

ಗೇಟು ದಾಟಿ ನಿಧಾನವಾಗಿ ಹತ್ತಿದೆ. ತಿರುವಿನಾಚೆ ಮುದುಕರು ಕಾಣದಾದರು. ಸ್ವಲ್ಪ ಹೊತ್ತಿಗೆ, ಮೇಯುತ್ತಿದ್ದ ಕುರಿಗಳೆಲ್ಲ ಒಮ್ಮೆಲೇ ತಲೆಯೆತ್ತಿ ನನ್ನ ಕಡೆ ನೋಡಿದವು.