ಸೀಗಿ ಹುಣ್ಣಿಮೆಗೆ ಅಗಲ ಗಾಲಿ

ಅಣ್ಣ ಆ ಕಾರನ್ನು ಯರಗುಪ್ಪಿಗೆ ತಂದ ದಿನ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಎಪ್ಪತ್ತರ ದಶಕದ ಮಾತು. ಎರಡೇ ಸೀಟು, ತಲೆಯ ಮೇಲೆ ಚಾವಣಿಯಿಲ್ಲ, ಕಣ್ಣು ಕುಕ್ಕುವ ಕೆಂಪು ಬಣ್ಣ. ಬೆಳಗಾವಿಯ ಯಾವನೋ ಶ್ರೀಮಂತರ ಹುಡುಗ ರೇಸಿನ ಹುಚ್ಚಿಗೆ ಸ್ಪ್ರಿಂಗು ಕತ್ತರಿಸಿ ಅದನ್ನು ನೆಲಮಟ್ಟಕ್ಕೆ ಇಳಿಸಿದ್ದನಂತೆ. ಮದುವೆಯಾದ ಮೇಲೆ ಹುಚ್ಚು ಬಿಟ್ಟಿತು, ಕಾರು ಮಾರಿದ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ನಮ್ಮ ಅಣ್ಣನಿಗೆ ಆ ಹುಚ್ಚು ಹತ್ತಿತು. ನಮ್ಮೂರ ದಾರಿಯಲ್ಲಿ ಕಾರಿನ ಹೊಟ್ಟೆ ನೆಲ ಒರೆಸುತ್ತಿತ್ತು.

"ಕಾರ್ ತಂದೀಯೋ, ಓಣಿ ಕಸಾ ಹೊಡ್ಯಾಕ ಕಸಬರಗಿ ತಂದೀಯೋ?" ಅಂದೆ.

"ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಅಂದ ಅಣ್ಣ.

ಅವ್ವ ಮಾತ್ರ ನಗಲಿಲ್ಲ. ಮರುದಿನ ಬೆಳಿಗ್ಗೆ ಕೋಲೂರಿಕೊಂಡು ಹೊರಗೆ ಬಂದಳು, ಕಾರಿನ ಬಾಗಿಲು ತೆಗೆಸಿದಳು. ಬಾಗಿಲ ಅಂಚು ಹಿಡಿದು, ಬೆನ್ನು ತಿರುಗಿಸಿ, ನಮ್ಮ ಮನೆಯ ಕಟ್ಟೆಯ ಮೇಲೆ ಕೂಡುವಷ್ಟೇ ಸಲೀಸಾಗಿ ಸೀಟಿನ ಮೇಲೆ ಕೂತುಬಿಟ್ಟಳು. ಆಮೇಲೆ ಕಾಲುಗಳನ್ನು ಕೈಯಿಂದಲೇ ಎತ್ತಿ ಒಳಗಿಟ್ಟುಕೊಂಡಳು. ಯಾರೂ ಅವಳನ್ನು ಮುಟ್ಟಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಅವ್ವ ಕಣದಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದಳು. ಕೋಲು ಹಿಡಿದು ನಡೆಯುತ್ತಿದ್ದಳು, ಕೂತು ಏಳುತ್ತಿದ್ದಳು. ಕಾಲು ಮೇಲಕ್ಕೆತ್ತುವುದು ಮಾತ್ರ ಆಗುತ್ತಿರಲಿಲ್ಲ. ಅಂದರೆ ಬಂಡಿ ಹತ್ತುವುದು ಮುಗಿದ ಕಥೆ. ಸೀಗಿ ಹುಣ್ಣಿಮೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆ ಹೊತ್ತ ಭೂಮಿತಾಯಿ ಬಸುರಿ ಅಂತ ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ ಅದು. ಅನ್ನ, ಕಡುಬು, ಪಲ್ಯ ಎಲ್ಲ ಕಲಸಿ ಬೆಳೆಯೊಳಗೆ ಚೆಲ್ಲುವ ಆ ಚರಗವನ್ನು ನಮ್ಮ ಮನೆಯಲ್ಲಿ ಅವ್ವನೇ ಚೆಲ್ಲುತ್ತಿದ್ದಳು. ಎಳ್ಳು ಅಮಾವಾಸ್ಯೆಗೆ, ನಮ್ಮ ಮಾತಲ್ಲಿ ಎಳ್ಳಮಾಸಿಗೆ, ಹೊಲದಲ್ಲಿ ಮತ್ತೊಮ್ಮೆ ಚರಗ. ಬಿದ್ದ ವರ್ಷ ಅವಳನ್ನು ನಾಲ್ಕು ಮಂದಿ ಹಿಡಿದು ಬಂಡಿಗೆ ಏರಿಸಿದರು. ಓಣಿಯೆಲ್ಲ ನಿಂತು ನೋಡಿತು. ಮನೆಗೆ ಬಂದವಳೇ, "ಹೆಣಾ ಎತ್ತಿದಂಗ ಎತ್ತಿದ್ರಿ. ಇನ್ನ ನನ್ನ ಯಾರೂ ಎತ್ತೂದು ಬ್ಯಾಡ" ಅಂದಳು. ಅಲ್ಲಿಂದ ಮುಂದೆ ಹುಣ್ಣಿಮೆ ದಿನ ಅಡುಗೆ ಮಾಡಿ ನಮ್ಮನ್ನು ಕಳಿಸಿ, ನಾವು ತಿರುಗಿ ಬರುವತನಕ ಉಪವಾಸ ಬಾಗಿಲಲ್ಲಿ ಕೂಡುತ್ತಿದ್ದಳು.

ಕಾರಿನಲ್ಲಿ ಕೂತ ಅವ್ವ ಕೇಳಿದಳು, "ಇದು ಹೊಲಕ್ಕ ಬರತೈತೇನೋ ತಮ್ಮಾ?"

"ಯಾಕ ಬರಂಗಿಲ್ಲವಾ, ಬರತೈತಿ" ಅಂದುಬಿಟ್ಟ ಅಣ್ಣ, ಹಿಂದೆಮುಂದೆ ನೋಡದೆ.

ಅಪ್ಪ ಕಟ್ಟೆಯ ಮೇಲಿಂದ, "ಬರತೈತಿ. ಎರಿ ಮಣ್ಣಾಗ ಇಳಿಸಿದ್ರ ಬ್ಯಾಸಗೀಗೆ ತಿರುಗಿ ಹೊರಗೂ ಬರತೈತಿ" ಅಂದ.

ಸುಳ್ಳಲ್ಲ. ಹಸಿ ಎರೆಮಣ್ಣು ಸಣ್ಣ ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಎತ್ತರದ ಗಾಲಿ ಹಾಕಿದರೆ ಕೆಸರಿಗೆ ಚಲೋ, ಆದರೆ ಸೀಟು ಮೇಲೇರುತ್ತದೆ, ಅವ್ವ ಮತ್ತೆ ಕೆಳಗೇ ಉಳಿಯುತ್ತಾಳೆ. ಅಣ್ಣ ಕಟ್ಟೆಯ ಎತ್ತರವನ್ನೂ ಸೀಟಿನ ಎತ್ತರವನ್ನೂ ಗೇಣು ಹಾಕಿ ಅಳೆದ. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ, ಎತ್ತರ ಅಷ್ಟೇ ಇದ್ದು ಅಗಲ ಹೆಚ್ಚಿರುವ ಗಾಲಿ ಹುಡುಕಿ ತಂದ. ನಟ್ಟಿನ ತೂತು ಕೂಡಲಿಲ್ಲ. ಲೇತಿನವನ ಹತ್ತಿರ ಕಬ್ಬಿಣದ ಬಿಲ್ಲೆ ಮಾಡಿಸಿ ಕೂಡಿಸಿದ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊರ ಹೊರಗೆ ಓಡಿಸಿ ನೋಡಿದ. ಅಗದಿ ಬೆಣ್ಣೆಯಂತೆ ಹೋಯಿತು.

ಅವ್ವನನ್ನು ಮಾತ್ರ ಕೂಡಿಸಿ ನೋಡಲಿಲ್ಲ. ಪೂಜೆಯಾಗದ ಗಾಲಿಯ ಮೇಲೆ ಹೆತ್ತವ್ವನನ್ನು ಕೂಡಿಸುವುದೇ? ಹುಣ್ಣಿಮೆ ದಿನವೇ ಪೂಜೆ, ಆಮೇಲೆ ಸವಾರಿ ಅಂತ ಮನೆಯಲ್ಲಿ ಎಲ್ಲರೂ ಸೇರಿ ನಿಶ್ಚಯಿಸಿದ್ದೆವು.

ಹಬ್ಬದ ಹಿಂದಿನ ದಿನ ಮಳೆ ಬಂತು. ಬೆಳಿಗ್ಗೆ ಅಪ್ಪ ಚರಗದ ಬುಟ್ಟಿ ಹೇರಿಕೊಂಡು ಬಂಡಿಯಲ್ಲಿ ಮುಂದೆ ಹೋದ. ಅಣ್ಣ ಗಾಲಿಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಇಟ್ಟ. ಅವ್ವ ಇಳಕಲ್ ಸೀರೆಯುಟ್ಟು ಬಂದು ತಾನೇ ಕೂತಳು. ನಾನು ಹಿಂದೆ ಡಿಕ್ಕಿಯ ಮೇಲೆ ಏರಿದೆ. ಕಾರು ಮುಂದೆ ಸರಿದದ್ದೇ ನಿಂಬೆಹಣ್ಣು ಪಚಕ್ಕೆಂದಿತು, ಅದರ ಬೆನ್ನಿಗೇ ಕರ್ರನೆ ಸದ್ದು, ರಬ್ಬರ್ ಸುಟ್ಟ ವಾಸನೆ. ಅವ್ವ ನನ್ನ ಎರಡರಷ್ಟು ತೂಕದವಳು. ಆ ಭಾರಕ್ಕೆ ಕಾರು ಕುಸಿದು, ಹೊರಚಾಚಿದ ಅಗಲ ಗಾಲಿ ಹಿಂದಿನ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು.

ನಾನು ಕೆಳಗೆ ಹಾರಿದರೂ ಉಜ್ಜುವುದು ನಿಲ್ಲಲಿಲ್ಲ. ಅಣ್ಣ ಇಳಿದು ನೋಡಿದ. ಮುಖ ಬಾಡಿತು. ಓಣಿಯವರು ಬಾಗಿಲಿಗೆ ಬಂದು ನಿಂತರು.

"ಇರಲಿ ಬಿಡೋ ತಮ್ಮಾ. ನಾ ಮನ್ಯಾಗಿಂದನ ಕೈ ಮುಗೀತೀನಿ" ಅಂತ ಅವ್ವ ಬಾಗಿಲ ಅಂಚಿಗೆ ಕೈ ಹಾಕಿದಳು. ಆ ದನಿ ಕೇಳಿ ನನ್ನ ಪಿತ್ತ ನೆತ್ತಿಗೇರಿತು.

"ನೀ ಇಳೀಬ್ಯಾಡ ಬೇ!" ಅಂತ ಅವ್ವನಿಗೆ ಗದರಿದೆ. ಅಣ್ಣನ ಕಡೆ ತಿರುಗಿ, "ಯಾವುದು ದೊಡ್ಡದೋ ನಿನಗ? ಆ ತಗಡೋ, ಅವ್ವನೋ?" ಅಂದೆ.

ಆ ತಗಡಿಗೆ ಅವನೇ ಬಣ್ಣ ಹೊಡೆದಿದ್ದ, ದಿನಾ ತನ್ನ ಅಂಗಿಯಿಂದಲೇ ಒರೆಸುತ್ತಿದ್ದ. ನನ್ನನ್ನು ದುರುಗುಟ್ಟಿ ನೋಡಿದ. ಒಳಗೆ ಹೋಗಿ ತಗಡು ಕತ್ತರಿಸುವ ಚಾಣ, ಸುತ್ತಿಗೆ ತಂದ.

"ನೀ ಕೂತ ಇರವಾ. ನೀ ಕೂತರನ ಎಲ್ಲಿ ತಾಗತೈತಿ ಅಂತ ಕಾಣತೈತಿ."

ಗುರುತು ಹಾಕಲು ಸುಣ್ಣದ ತುಂಡು ಹುಡುಕುತ್ತಿದ್ದಾಗ ಅವ್ವ ಪೂಜೆಯ ತಾಟು ಮುಂದೆ ಚಾಚಿದಳು. "ಇದರಲೇ ಗೀರು ಎಳಿ." ಅಣ್ಣ ಕುಂಕುಮದಿಂದ ಗೀರೆಳೆದು ಕಣ್ಣು ಮುಚ್ಚಿ ಮೊದಲ ಏಟು ಹಾಕಿದ. ತಗಡು ಕತ್ತರಿಸುವಾಗ ಓಣಿಯ ನಾಯಿಗಳೆಲ್ಲ ಬೊಗಳಿದವು. ಅವ್ವ ಮಡಿಲಲ್ಲಿ ತಾಟು ಇಟ್ಟುಕೊಂಡು ಅಲುಗದೆ ಕೂತಿದ್ದಳು.

ಆಮೇಲೆ ನಾನು ಮತ್ತೆ ಡಿಕ್ಕಿ ಏರಿದೆ, ಕಾರು ಹೊರಟಿತು. ಬಂಡಿ ದಾರಿಯ ಎರೆಮಣ್ಣಿನಲ್ಲಿ ತೂರಾಡಿತು, ಜಾರಿತು, ಆದರೆ ಅಗಲ ಗಾಲಿ ಹುಗಿಯಲಿಲ್ಲ. ತಡೆಯಲು ಮಡ್‌ಗಾರ್ಡು ಇಲ್ಲದೆ ಕೆಸರೆಲ್ಲ ಎದ್ದು ನಮ್ಮ ಮೇಲೆಯೇ ಬಿತ್ತು. ಅಣ್ಣನ ಶಾಪದಂತೆ ನನ್ನ ಬಾಯೊಳಗೂ ಬಿತ್ತು. ಅವ್ವನ ಇಳಕಲ್ ಸೀರೆ ಕರ್ರಗಾಯಿತು. ಅಯ್ಯೋ ಅವ್ವಾ ಅಂತ ನಾನು ಬಾಗಿ ನೋಡಿದರೆ, ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

ಹೊಲದ ಬದುವಿನಲ್ಲಿ ಬಾಗಿಲು ಹಿಡಿದು ತಾನೇ ಎದ್ದು ನಿಂತಳು. ಕೆಸರಲ್ಲಿ ಬರಿಗಾಲು ಊರಿದಳು. ದೂರದಲ್ಲಿ ಬನ್ನಿ ಗಿಡದ ಕೆಳಗೆ ಬೆನ್ನು ಮಾಡಿ ಅಪ್ಪ ಚರಗ ಕಲಸುತ್ತಿದ್ದ. ಅವ್ವ ಎದೆ ತುಂಬ ಉಸಿರೆಳೆದು, "ಹುಲ್ಲುಲ್ಲಿಗೋ!" ಅಂತ ಚರಗದ ಕೂಗು ಹಾಕಿದಳು.

ಅಪ್ಪ ತಿರುಗಲಿಲ್ಲ. ಕೈ ಹಾಗೇ ನಿಂತಿತು. ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಆಮೇಲೆ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬದುವಿನ ತನಕ ತಂದು, ಅವ್ವನ ಕೈಗೆ ಎಟುಕುವಂತೆ ಬಗ್ಗಿ ನಿಂತ.

ಊಟವಾದ ಮೇಲೆ ಅಣ್ಣ ಕತ್ತರಿಸಿದ ತಗಡಿನ ಅಂಚನ್ನು ಸವರುತ್ತ ಕೂತಿದ್ದ. ಅವ್ವ ಕಡುಬು ಮುರಿದು ಅವನ ಬಾಯಿಗಿಟ್ಟು ಕೇಳಿದಳು, "ಎಳ್ಳಮಾಸಿಗೂ ಬರತೈತಿಲ್ಲೋ ಇದು?"