ಕಡವೆಯ ಹೆಜ್ಜೆಯಲ್ಲಿ ಗೊದಮೊಟ್ಟೆ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಕಾನ್ವೆಂಟ್‌ನಲ್ಲಿ ಓದಿ, ಕಾನ್ವೆಂಟ್‌ನಲ್ಲೇ ಬಯಾಲಜಿ ಕಲಿಸಿ ರಿಟೈರ್ ಆದವಳು. ಯಾರಾದರೂ ವಿಚಿತ್ರ ಕಥೆ ಹೇಳಿದರೆ "ಎವಿಡೆನ್ಸ್ ಎಲ್ಲಿ?" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಮದಕರಿಪುರದ ಆಚೆಯ ಕುರುಚಲು ಕಾಡಿನಲ್ಲೊಂದು ಕೆಸರು ಹೊಂಡವಿದೆ. ಕಡವೆಗಳು ಕಡಿಮೆಯಾಗುತ್ತಿವೆ, ಅವಕ್ಕೆ ನೀರು ನಿಲ್ಲಬೇಕು, ಅದಕ್ಕೆ ಹೊಂಡಕ್ಕೆ ಸಿಮೆಂಟ್ ಹಾಕಿಸೋಣ ಎಂದು ಚಿತ್ರದುರ್ಗದ ನಮ್ಮ ಕಾಡುಪ್ರೇಮಿಗಳ ಗ್ರೂಪ್ ತೀರ್ಮಾನಿಸಿತು. ಕಡವೆ ಉಳಿಯಬೇಕು, ನಿಜ. ಆದರೆ ಬೇಸಿಗೆಯೆಲ್ಲ ಅದೇ ಕೆಸರಿನಲ್ಲಿ ಹೂತುಕೊಂಡು ಮೊದಲ ಮಳೆಗೆ ಮೇಲೇಳುವ ಕಪ್ಪೆಗಳೂ ನಮ್ಮಲ್ಲಿ ವಿರಳವಾಗುತ್ತಿವೆ. ನಾನು ಚಿಕ್ಕವಳಿದ್ದಾಗ ಅವುಗಳ ಗದ್ದಲ ತಾಳಲಾರದೆ ಸಿಸ್ಟರ್ ಕಿಟಕಿ ಮುಚ್ಚಿಸುತ್ತಿದ್ದರು. ಈಗ ಕಿಟಕಿ ತೆರೆದಿಟ್ಟು ಕಾಯುತ್ತೇನೆ.

"ಕಡವೆ ಅಂದ್ರೆ ಪೋಸ್ಟರ್‌ಗಾದ್ರೂ ಆಗ್ತೈತೆ ಮೇಡಂ. ನಿಮ್ಮ ಕಪ್ಪೆ ಮುಖ ನೋಡಾಕೆ ಯಾರು ಬರ್ತಾರ್ರಿ?" ಎಂದರು ಗ್ರೂಪಿನ ಅಧ್ಯಕ್ಷ ಶಿವಣ್ಣ.

"ನಿಮ್ಮ ಮುಖ ನೋಡಿಕೊಂಡು ನಾನು ಮೀಟಿಂಗ್‌ಗೆ ಬರ್ತಿಲ್ವೇನ್ರಿ?" ಎಂದೆ. ಎಲ್ಲರೂ ನಕ್ಕರು. ಆಗಲೇ ಮೊದಲ ಮಳೆಯಾಗಿ ಹೊಂಡದ ತುಂಬ ಗೊದಮೊಟ್ಟೆಗಳಿದ್ದವು. ಅವಕ್ಕೆ ಕಾಲು ಬರುವವರೆಗೆ, ಹದಿನೈದು ದಿನ, ಸಿಮೆಂಟ್ ಕೆಲಸ ಮುಂದಕ್ಕೆ ಹೋಯಿತು.

ಮಳೆ ಮಾತ್ರ ಕೈಕೊಟ್ಟಿತು. ಹತ್ತನೆಯ ದಿನ ಹೊಂಡದಲ್ಲಿ ಬೊಗಸೆ ನೀರು. ಅಲ್ಲೇ ಕುರಿ ಮೇಯಿಸುವ ಕರಿಯಮ್ಮ, "ಅಮ್ಮಾರೇ, ನಾಳೀಕೆ ನಿಮ್ಮ ಮಕ್ಳು ಒಣಗಿ ಸಂಡಿಗೆ ಆಗ್ತವೆ" ಎಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ನೀರು ಇಂಗಿಹೋಗಿತ್ತು. ಆದರೆ ಕೆಸರಿನ ನಡುವೆ ಸಾಲಾಗಿ ಆಳವಾದ ಗೊರಸಿನ ಗುರುತುಗಳು. ಒಂದೊಂದರಲ್ಲೂ ತಳದಿಂದ ಜಿನುಗಿದ ನೀರು, ಆ ನೀರಿನಲ್ಲಿ ಕಿಕ್ಕಿರಿದ ನನ್ನ ಗೊದಮೊಟ್ಟೆಗಳು!

"ಕುರೀದಲ್ಲ ಬಿಡ್ರಿ, ಕಡವೇದೇ. ಆದ್ರೆ ಬಂದಿದ್ದು ಎತ್ಲಾಗಿಂದ?" ಎಂದಳು ಕರಿಯಮ್ಮ. ದಂಡೆಯ ಮೆತ್ತನೆ ಮಣ್ಣಿನಲ್ಲಿ ಒಳಗೆ ಬಂದ ಹೆಜ್ಜೆಯೂ ಇಲ್ಲ, ಹೊರಗೆ ಹೋದ ಹೆಜ್ಜೆಯೂ ಇಲ್ಲ. ಕಡವೆಯ ಫೋಟೋಗೆಂದೇ ಮರಕ್ಕೆ ಕಟ್ಟಿದ್ದ ಕ್ಯಾಮೆರಾದಲ್ಲಿ ಒಂದು ಮುಂಗುಸಿ, ಮತ್ತೆ ನಾವಿಬ್ಬರು. ಅಷ್ಟೇ.

ಅಲ್ಲಿಂದ ದಿನವೂ ಬೆಳಿಗ್ಗೆ ಹೊಸ ಗುರುತುಗಳು, ಹಿಂದಿನದಕ್ಕಿಂತ ಆಳವಾಗಿ. ಹದಿನೈದನೆಯ ದಿನ ಗೊರಸಿನ ಗುಂಡಿಗಳಿಂದ ಉಗುರಿನಷ್ಟು ಕಪ್ಪೆಮರಿಗಳು ಹತ್ತಿ ಬಂದವು.

ಶಿವಣ್ಣ ಗಾರೆಯವರನ್ನು ಕರೆದುಕೊಂಡೇ ಬಂದಿದ್ದರು. ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಮರಿಯೊಂದು ಅವರ ಬೂಟಿನ ಮೇಲೇರಿತು. ಗಾರೆಯವರನ್ನು ವಾಪಸ್ ಕಳಿಸಿಬಿಟ್ಟರು.

"ಮೇಡಂ, ರಿಜಿಸ್ಟರ್‌ನಾಗೆ ಏನಂತ ಬರೀಲಿ? ಕಡವೆ ಐತೆ ಅಂತ್ಲಾ, ಇಲ್ಲ ಅಂತ್ಲಾ?"

"ಕಪ್ಪೆ ಇವೆ ಅಂತ ಬರೀರಿ" ಎಂದೆ. ರಿಟೈರ್‌ಮೆಂಟ್ ದಿನ ಶಾಲು ಹೊದಿಸಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಹೊಂಡ ಇವತ್ತಿಗೂ ಕೆಸರಾಗಿಯೇ ಇದೆ. ಮೊದಲ ಮಳೆಗೆ ಹೋಗಿ, ಕಿವಿ ತುಂಬಾ ಅವುಗಳ ಗದ್ದಲ ಕೇಳಿ ಬರುತ್ತೇನೆ. ಕ್ಯಾಮೆರಾಕ್ಕೆ ಈವರೆಗೆ ಒಂದು ಕಡವೆಯೂ ಸಿಕ್ಕಿಲ್ಲ. ಅವತ್ತು ಮರಿಗಳು ಹತ್ತಿ ಹೋದ ಮೇಲೆ, ಖಾಲಿಯಾದ ಒಂದು ಗೊರಸಿನ ಗುರುತಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದಿದ್ದೆ. ಇದನ್ನು ಬರೆಯುವಾಗ ಹಾಳೆ ಹಾರದಂತೆ ಅದನ್ನೇ ಇಟ್ಟಿದ್ದೇನೆ. ಜೀವನವೆಲ್ಲ ಎವಿಡೆನ್ಸ್ ಕೇಳಿದವಳು ನಾನು. ಈಗ ಅದು ಕೈಯಲ್ಲೇ ಇದೆ, ಬಂದು ಹೋದವರು ಯಾರೆಂದು ಮಾತ್ರ ಹೇಳಲಾರೆ.